ಯಾವ ಕ್ರೂಸ್ ಕಂಪನಿ ನಿಮ್ಮ ಮನೆಮಂದಿಗೆ ಹೊಂದುತ್ತದೆ? ಹಣ ಕಟ್ಟುವ ಮೊದಲು ಹೋಲಿಸಿ ನೋಡುವ ಬಗೆ

"ಯಾವ ಕ್ರೂಸ್ ಕಂಪನಿ ಒಳ್ಳೆಯದು, ಒಂದು ಹೆಸರು ಹೇಳಿಬಿಡಿ." ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯ ಓದುಗರಿಂದ ಈ ಮಾತು ಪದೇ ಪದೇ ಬರುತ್ತಿದೆ. ಮಕ್ಕಳ ಬೇಸಿಗೆ ರಜೆ, ತಂದೆಯವರ ಅರವತ್ತರ ಶಾಂತಿ, ಕಬ್ಬಿನ ಹಂಗಾಮು ಮುಗಿದ ಮೇಲಿನ ಬಿಡುವು, ಹೊಸದಾಗಿ ಮದುವೆಯಾದವರ ಮೊದಲ ಪ್ರವಾಸ, ಹೀಗೆ ಹೊರಡುವ ಕಾರಣಗಳು ಬೇರೆ ಬೇರೆ. ಅದಕ್ಕೇ ಒಂದೇ ಹೆಸರು ಹೇಳಿ ಮುಗಿಸಲು ಬರುವುದಿಲ್ಲ. ಎಂಟು ವರ್ಷದ ಮಗು ಕುಣಿದಾಡುವ ಹಡಗಿನಲ್ಲಿ ಎಪ್ಪತ್ತು ದಾಟಿದ ಅಜ್ಜಿಗೆ ಎರಡು ದಿನವೂ ನೆಮ್ಮದಿ ಸಿಗದೆ ಹೋಗಬಹುದು. ಅಜ್ಜಿಗೆ ಹಿಡಿಸಿದ ಹಡಗು ಕಾಲೇಜು ಹುಡುಗರಿಗೆ ಬೇಸರ ತರಿಸಬಹುದು.

ಕ್ರೂಸ್ ಎಂದರೆ ವಸತಿ, ಊಟ, ಮನರಂಜನೆ ಎಲ್ಲವೂ ಹಡಗಿನಲ್ಲೇ ಇರುವ ಸಮುದ್ರಯಾನ. ಹಡಗು ಹೆಚ್ಚಾಗಿ ರಾತ್ರಿ ಸಾಗಿ ಬೆಳಿಗ್ಗೆ ಒಂದು ಬಂದರು ಸೇರುತ್ತದೆ. ನೀವು ಇಳಿದು ಊರು ನೋಡಿ ಸಂಜೆ ಮರಳುತ್ತೀರಿ. ನಿಮ್ಮ ಕೋಣೆಗೆ ಕ್ಯಾಬಿನ್ ಎಂದೂ ಹಡಗಿನ ಅಂತಸ್ತಿಗೆ ಡೆಕ್ ಎಂದೂ ಹೆಸರು.

ಹೋಲಿಕೆಗೆ ಕುಳಿತುಕೊಳ್ಳುವ ಮೊದಲು ಒಂದು ನೋಟ್‌ಬುಕ್, ಬರುವವರೆಲ್ಲರ ಪಾಸ್‌ಪೋರ್ಟ್ ಅಥವಾ ಆಧಾರ್, ರಜೆಯ ದಿನಾಂಕಗಳು, ಇದಕ್ಕಿಂತ ಹೆಚ್ಚು ಖರ್ಚು ಮಾಡುವುದಿಲ್ಲ ಎಂದು ಮನೆಯಲ್ಲಿ ಒಪ್ಪಿಕೊಂಡ ಮೊತ್ತ, ಇಷ್ಟನ್ನು ಮುಂದಿಟ್ಟುಕೊಳ್ಳಿ.

ಹಂತ 1: ಯಾರು ಯಾರು ಬರುತ್ತಾರೆ ಎಂಬುದನ್ನು ಮೊದಲು ಬರೆಯಿರಿ

ಹೆಚ್ಚಿನವರು ಹಡಗಿನ ಚಿತ್ರ ನೋಡಿ ಶುರು ಮಾಡುತ್ತಾರೆ. ನೀವು ಜನರಿಂದ ಶುರು ಮಾಡಿ. ಬರುವವರ ಹೆಸರು, ವಯಸ್ಸು, ಆರೋಗ್ಯ, ಊಟದ ನಿಯಮ, ಇವನ್ನು ಒಂದು ಪುಟದಲ್ಲಿ ಬರೆಯಿರಿ. ಗುಂಪಿನಲ್ಲಿ ಯಾರಿಗೆ ಹೊಂದಿಕೊಳ್ಳುವುದು ಹೆಚ್ಚು ಕಷ್ಟವೋ ಅವರ ಹೆಸರಿಗೆ ಗೆರೆ ಎಳೆಯಿರಿ. ಕಂಪನಿಯನ್ನು ಅವರಿಗಾಗಿ ಆರಿಸಬೇಕು. ಉಳಿದವರು ಹೇಗೋ ಸುಧಾರಿಸಿಕೊಳ್ಳುತ್ತಾರೆ.

ಹಿರಿಯರಿಗೆ ಮಂಡಿನೋವಿದ್ದರೆ 'ಟೆಂಡರ್' ಎಂಬ ಪದದ ಮೇಲೆ ಕಣ್ಣಿಡಿ. ದಡದವರೆಗೆ ಬರಲಾಗದ ದೊಡ್ಡ ಹಡಗು ಆಳದಲ್ಲಿ ಲಂಗರು ಹಾಕಿ, ಪ್ರಯಾಣಿಕರನ್ನು ಸಣ್ಣ ದೋಣಿಯಲ್ಲಿ ದಡಕ್ಕೆ ಸಾಗಿಸುವ ವ್ಯವಸ್ಥೆ ಅದು. ಲಕ್ಷದ್ವೀಪದಲ್ಲಿ ಹೀಗೆಯೇ ಇಳಿಯಬೇಕು. ಅಲೆಗೆ ಮೇಲೆ ಕೆಳಗೆ ತೂಗುವ ದೋಣಿಗೆ ಕಾಲಿಡುವಾಗ ಸಿಬ್ಬಂದಿ ತೋಳು ಹಿಡಿಯುತ್ತಾರೆ, ಆದರೂ ಆ ಒಂದು ಹೆಜ್ಜೆಯನ್ನು ಹಿರಿಯರೇ ಇಡಬೇಕು. ಗಾಲಿಕುರ್ಚಿಯಲ್ಲಿ ಬರುವವರಿಗೆ ಎಷ್ಟೋ ಬಾರಿ ಇಳಿಯಲು ಅವಕಾಶವೇ ಸಿಗುವುದಿಲ್ಲ. ಅಪ್ಪ ಅಮ್ಮನಿಗೆ ದ್ವೀಪ ತೋರಿಸಲೆಂದೇ ಹೊರಟಿದ್ದರೆ ಹಡಗು ನೇರವಾಗಿ ಕಟ್ಟೆಗೆ ತಾಗುವ ಬಂದರುಗಳಿರುವ ಯಾನವನ್ನು ಹುಡುಕಿ.

ಕೈಕೂಸು ಇದ್ದರೆ ವಯಸ್ಸಿನ ನಿಯಮ ನೋಡಿ. ಹೆಚ್ಚಿನ ಕಂಪನಿಗಳು ಆರು ತಿಂಗಳು ತುಂಬದ ಕೂಸನ್ನು ಹತ್ತಿಸುವುದಿಲ್ಲ. ಸಾಗರ ದಾಟುವ ದೀರ್ಘ ಯಾನಗಳಲ್ಲಿ ಈ ಮಿತಿ ಹನ್ನೆರಡು ತಿಂಗಳಿರುತ್ತದೆ. ಗರ್ಭಿಣಿಯರಿಗೆ ಸಾಮಾನ್ಯವಾಗಿ 24ನೇ ವಾರವೇ ಗಡಿ. ಈ ಗಡಿಯನ್ನು ಹತ್ತುವ ದಿನಕ್ಕಷ್ಟೇ ಲೆಕ್ಕ ಹಾಕಬೇಡಿ. ಯಾನ ಮುಗಿಯುವ ಹೊತ್ತಿಗೆ ಎಷ್ಟನೇ ವಾರವಾಗಿರುತ್ತದೆ ಎಂದೂ ನೋಡಿ.

ದಂಪತಿಗಳಿಗೆ ಒಂದು ಮಾತು. ಮುಂಬೈಯಿಂದ ಗೋವಾಕ್ಕೆ ಹೋಗಿಬರುವ ವಾರಾಂತ್ಯದ ಯಾನಗಳಲ್ಲಿ ಗೆಳೆಯರ ಗುಂಪುಗಳು, ಕಚೇರಿಯ ತಂಡಗಳು, ರಾತ್ರಿಯಿಡೀ ನಡೆಯುವ ಸಂಗೀತ ಸಾಮಾನ್ಯ. ನಿಮಗೆ ಬೇಕಾದದ್ದೇ ಅದಾದರೆ ಸಂತೋಷ. ಇಬ್ಬರೇ ಕುಳಿತು ಸಮುದ್ರ ನೋಡುವ ಆಸೆಯಿದ್ದರೆ ವಾರದ ನಡುವೆ ಹೊರಡುವ ಯಾನವನ್ನು ಕೇಳಿ.

ಒಬ್ಬರೇ ಹೋಗುವವರು ನೆನಪಿಡಬೇಕಾದದ್ದು ಇಷ್ಟು: ದರಗಳನ್ನು ಒಂದು ಕ್ಯಾಬಿನ್‌ಗೆ ಇಬ್ಬರು ಎಂಬ ಲೆಕ್ಕದಲ್ಲಿ ಹೇಳುತ್ತಾರೆ. ಒಬ್ಬರೇ ಇದ್ದರೆ 'ಸಿಂಗಲ್ ಸಪ್ಲಿಮೆಂಟ್' ಎಂಬ ಹೆಚ್ಚುವರಿ ಹಣ ಬೀಳುತ್ತದೆ, ಕೆಲವೆಡೆ ಅದು ಇನ್ನೊಬ್ಬರ ಪೂರ್ತಿ ದರದಷ್ಟೇ ಇರುತ್ತದೆ. ನಾರ್ವೇಜಿಯನ್ ಕ್ರೂಸ್ ಲೈನ್ 2010ರಲ್ಲಿ ತನ್ನ 'ಎಪಿಕ್' ಹಡಗಿನಲ್ಲಿ ಒಂಟಿ ಪ್ರಯಾಣಿಕರಿಗೆಂದೇ ಸಣ್ಣ ಕ್ಯಾಬಿನ್‌ಗಳನ್ನು ತಂದಿತು. ಈಗ ಬೇರೆ ಕೆಲವು ಕಂಪನಿಗಳಲ್ಲೂ ಅಂಥವು ಸಿಗುತ್ತವೆ.

ಹಂತ 2: ಎಲ್ಲಿಂದ ಹತ್ತುತ್ತೀರಿ, ಯಾವ ತಿಂಗಳಲ್ಲಿ?

ಸಮುದ್ರವಿಲ್ಲದ ಜಿಲ್ಲೆಗಳಲ್ಲಿರುವ ನಮಗೆ ಬಂದರು ತಲುಪುವುದೇ ಪ್ರವಾಸದ ಒಂದು ಭಾಗ, ಖರ್ಚಿನಲ್ಲೂ ಹೌದು, ದಣಿವಿನಲ್ಲೂ ಹೌದು. ಬೆಳಗಾವಿಯವರಿಗೆ ಮುಂಬೈ ಸುಲಭ: ಮಿರಜ, ಪುಣೆ ಮಾರ್ಗವಾಗಿ ದಾದರ ತಲುಪುವ ರಾತ್ರಿ ರೈಲುಗಳಿವೆ, ಸಾಂಬ್ರಾ ವಿಮಾನ ನಿಲ್ದಾಣವೂ ಇದೆ. ವಿಜಯಪುರ, ಬಾಗಲಕೋಟೆಯವರು ಸೋಲಾಪುರಕ್ಕೆ ಹೋಗಿ ಸಿದ್ಧೇಶ್ವರ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಮುಂಬೈಯ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್‌ನಲ್ಲಿ ಇಳಿಯಬಹುದು. ಕ್ರೂಸ್ ಹಡಗುಗಳು ನಿಲ್ಲುವ ಬಲ್ಲಾರ್ಡ್ ಪಿಯರ್ ಅಲ್ಲಿಂದ ಹತ್ತಿರ. ಕೆಲವು ಯಾನಗಳಿಗೆ ಗೋವಾದ ಮರ್ಮಗೋವಾ ಬಂದರಿನಿಂದಲೂ ಹತ್ತಲು ಅವಕಾಶವಿರುತ್ತದೆ. ಚೋರ್ಲಾ ಘಾಟ್ ಇಳಿದು ಗೋವಾ ಸೇರುವ ಬೆಳಗಾವಿಯವರು ಇದನ್ನು ತಪ್ಪದೆ ವಿಚಾರಿಸಬೇಕು.

ಸಿಂಗಾಪುರದಿಂದ ಹತ್ತುವುದಾದರೆ ಬೆಂಗಳೂರು ಅಥವಾ ಮುಂಬೈ ಮೂಲಕ ವಿಮಾನ. ಸಿಂಗಾಪುರದಲ್ಲಿ ಕ್ರೂಸ್ ಹಡಗುಗಳಿಗೆ ಎರಡು ಬೇರೆ ಬೇರೆ ನಿಲ್ದಾಣಗಳಿವೆ, ಒಂದು ಮರೀನಾ ಬೇಯಲ್ಲಿ, ಇನ್ನೊಂದು ಹಾರ್ಬರ್‌ಫ್ರಂಟ್‌ನಲ್ಲಿ. ಟಿಕೆಟ್‌ನಲ್ಲಿ ಯಾವುದಿದೆ ಎಂದು ನೋಡಿಯೇ ಟ್ಯಾಕ್ಸಿ ಹತ್ತಿ.

ಎಚ್ಚರಿಕೆ: ಹಡಗು ಹೊರಡುವ ದಿನವೇ ಬಂದರಿನ ಊರು ತಲುಪುವ ಯೋಜನೆ ಹಾಕಬೇಡಿ. ರೈಲು ನಾಲ್ಕು ಗಂಟೆ ತಡವಾದರೆ, ವಿಮಾನ ರದ್ದಾದರೆ ಹಡಗು ಯಾರಿಗೂ ಕಾಯುವುದಿಲ್ಲ, ಹಣವೂ ವಾಪಸು ಬರುವುದಿಲ್ಲ. ಹಿಂದಿನ ದಿನವೇ ಹೋಗಿ ಒಂದು ರಾತ್ರಿ ತಂಗಿ. ಆ ಹೋಟೆಲ್ ಬಾಡಿಗೆಯನ್ನೂ ಕ್ರೂಸ್ ಖರ್ಚಿಗೇ ಸೇರಿಸಿ.

ಇನ್ನು ಋತು. ಮಳೆಗಾಲದಲ್ಲಿ ಅರಬ್ಬಿ ಸಮುದ್ರ ಒರಟಾಗಿರುತ್ತದೆ, ಮುಂಬೈ ಯಾನಗಳಿಗೆ ಅಕ್ಟೋಬರ್‌ನಿಂದ ಮೇವರೆಗಿನ ಕಾಲ ಸೂಕ್ತ. ದುಬೈ ಕಡೆಯ ಯಾನಗಳು ಚಳಿಗಾಲದವು, ಯುರೋಪಿನ ಮೆಡಿಟರೇನಿಯನ್ ಯಾನಗಳು ಮುಖ್ಯವಾಗಿ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ, ಅಲಾಸ್ಕಾದವು ಮೇನಿಂದ ಸೆಪ್ಟೆಂಬರ್‌ವರೆಗೆ. ಸಿಂಗಾಪುರದಲ್ಲಿ ವರ್ಷವಿಡೀ ಯಾವುದಾದರೂ ಹಡಗು ಇರುತ್ತದೆ. ಕಬ್ಬಿನ ಹಂಗಾಮು ಮುಗಿಸಿ, ಬಿಲ್ಲು ಕೈಗೆ ಬಂದ ಮೇಲೆ ಏಪ್ರಿಲ್–ಮೇಯಲ್ಲಿ ಹೊರಡುವವರಿಗೆ ಮುಂಬೈ, ಸಿಂಗಾಪುರ, ಯುರೋಪ್ ಮೂರೂ ತೆರೆದಿರುತ್ತವೆ. ಶಾಲೆಗಳ ರಜೆಯೂ ಅದೇ ಹೊತ್ತಿಗೆ ಬೀಳುವುದರಿಂದ ದರ ಏರಿರುತ್ತದೆ, ಹಾಗಾಗಿ ಐದಾರು ತಿಂಗಳು ಮೊದಲೇ ವಿಚಾರಿಸಿ.

ಹಂತ 3: ಕಂಪನಿಗಳ ಸ್ವಭಾವ ತಿಳಿಯಿರಿ

ಹೆಸರುಗಳು ಹತ್ತಾರು ಇದ್ದರೂ ಮೂಲದಲ್ಲಿ ಕೆಲವೇ ದೊಡ್ಡ ಸಂಸ್ಥೆಗಳಿವೆ. ಕಾರ್ನಿವಲ್, ಪ್ರಿನ್ಸೆಸ್, ಹಾಲೆಂಡ್ ಅಮೆರಿಕ, ಕೋಸ್ಟಾ, ಕ್ಯೂನಾರ್ಡ್ ಇವೆಲ್ಲ ಒಂದೇ ಸಮೂಹದವು. ರಾಯಲ್ ಕೆರಿಬಿಯನ್, ಸೆಲೆಬ್ರಿಟಿ, ಸಿಲ್ವರ್‌ಸೀ ಇನ್ನೊಂದು ಸಮೂಹದವು. ನಾರ್ವೇಜಿಯನ್, ಓಷಿಯಾನಿಯಾ, ರೀಜೆಂಟ್ ಮೂರನೆಯದು. ಎಂಎಸ್‌ಸಿ ಕುಟುಂಬವೊಂದರ ಒಡೆತನದ ಪ್ರತ್ಯೇಕ ಕಂಪನಿ. ಒಂದೇ ಸಮೂಹದೊಳಗೂ ಸ್ವಭಾವ ಬಹಳ ಬೇರೆಯಾಗಿರುತ್ತದೆ, ಆದ್ದರಿಂದ ಮಾಲೀಕರ ಹೆಸರು ನೋಡಿ ಏನನ್ನೂ ತೀರ್ಮಾನಿಸಬೇಡಿ.

ಭಾರತದಲ್ಲಿ ಕೊರ್ಡೆಲಿಯಾ ಕ್ರೂಸಸ್ 2021ರ ಸೆಪ್ಟೆಂಬರ್‌ನಲ್ಲಿ ಮುಂಬೈಯಿಂದ ಯಾನ ಆರಂಭಿಸಿತು. ಅದರ 'ಎಂಪ್ರೆಸ್' 1990ರಲ್ಲಿ ಸೇವೆಗೆ ಬಂದ ಹಡಗು, ಮೊದಲು ರಾಯಲ್ ಕೆರಿಬಿಯನ್ ಕೈಯಲ್ಲಿತ್ತು. ಹಡಗು ಹಳೆಯದು, ಗಾತ್ರವೂ ಇಂದಿನ ಲೆಕ್ಕದಲ್ಲಿ ಚಿಕ್ಕದು. ಆದರೆ ಗೋವಾ, ಲಕ್ಷದ್ವೀಪ, ಕೊಚ್ಚಿಯಂಥ ಯಾನಗಳಿಗೆ ಪಾಸ್‌ಪೋರ್ಟ್ ಬೇಡ, ಊಟ ಭಾರತೀಯರದು, ಸಿಬ್ಬಂದಿಯೊಂದಿಗೆ ಹಿಂದಿಯಲ್ಲಿ ಮಾತನಾಡಬಹುದು. ಹಿರಿಯರಿರುವ, ಮೊದಲ ಬಾರಿ ಹಡಗು ಹತ್ತುವ ಅವಿಭಕ್ತ ಕುಟುಂಬಕ್ಕೆ ನಾನು ಹೇಳುವುದು ಇದನ್ನೇ: ಎರಡು ಮೂರು ರಾತ್ರಿಯ ಯಾನದಿಂದ ಆರಂಭಿಸಿ. ಸಮುದ್ರ ಮೈಗೆ ಒಗ್ಗುತ್ತದೆಯೇ ಎಂಬುದು ಕಡಿಮೆ ಖರ್ಚಿನಲ್ಲಿ ಗೊತ್ತಾಗುತ್ತದೆ.

ಮುಂದಿನ ಮೆಟ್ಟಿಲು ಸಿಂಗಾಪುರ. 2016ರಲ್ಲಿ ಸೇವೆಗೆ ಬಂದ 'ಜೆಂಟಿಂಗ್ ಡ್ರೀಮ್' ಭಾರತೀಯ ಸಸ್ಯಾಹಾರ, ಜೈನ ಊಟಕ್ಕೆ ಹೆಸರು ಮಾಡಿದೆ. ಹಡಗಿನಲ್ಲಿ ಭಾರತೀಯ ಪ್ರಯಾಣಿಕರೂ ಬಹಳ. ಅಲ್ಲಿಂದಲೇ ಹೊರಡುವ ರಾಯಲ್ ಕೆರಿಬಿಯನ್ ಹಡಗುಗಳು ಆಟ, ಸಾಹಸಗಳಿಗೆ ಪ್ರಸಿದ್ಧ. ಅಲೆಯ ಮೇಲೆ ಹಲಗೆ ಹಿಡಿದು ಜಾರುವುದು, ಗಾಳಿಯ ಕೊಳವೆಯಲ್ಲಿ ತೇಲುವುದು, ದೊಡ್ಡ ರಂಗಪ್ರದರ್ಶನಗಳು ಅಲ್ಲಿನ ಆಕರ್ಷಣೆ. ಹದಿಹರೆಯದ ಮಕ್ಕಳಿರುವವರಿಗೆ ಇದು ಸರಿಹೋಗುತ್ತದೆ. ಡಿಸ್ನಿ ಹಡಗು ಪುಟ್ಟ ಮಕ್ಕಳನ್ನೇ ಕೇಂದ್ರದಲ್ಲಿಟ್ಟುಕೊಂಡದ್ದು, ದರವೂ ಅದಕ್ಕೆ ತಕ್ಕಂತೆ ಏರು.

ಯುರೋಪಿನಲ್ಲಿ ಎಂಎಸ್‌ಸಿ ಮತ್ತು ಕೋಸ್ಟಾ ಇಟಲಿಯ ಬೇರಿನ ಕಂಪನಿಗಳು. ಹಲವು ದೇಶಗಳ ಪ್ರಯಾಣಿಕರು, ಐದಾರು ಭಾಷೆಗಳಲ್ಲಿ ಪ್ರಕಟಣೆ, ರಾತ್ರಿ ತಡವಾಗಿ ಊಟ, ಆರಂಭದ ದರ ಸಾಮಾನ್ಯವಾಗಿ ಕಡಿಮೆ. ನಾರ್ವೇಜಿಯನ್‌ನಲ್ಲಿ ಊಟಕ್ಕೆ ನಿಗದಿತ ಸಮಯ, ನಿಗದಿತ ಮೇಜು ಎಂಬ ಕಟ್ಟುಪಾಡಿಲ್ಲ. ಪ್ರಿನ್ಸೆಸ್, ಹಾಲೆಂಡ್ ಅಮೆರಿಕ ನಿಧಾನದ, ಸ್ವಲ್ಪ ವಯಸ್ಸಾದವರ ಕಂಪನಿಗಳು; ಅಲಾಸ್ಕಾದಲ್ಲಿ ಎರಡಕ್ಕೂ ಬಹಳ ಕಾಲದ ಅನುಭವವಿದೆ. ಕ್ಯೂನಾರ್ಡ್‌ನ 'ಕ್ವೀನ್ ಮೇರಿ 2' ಇಂಗ್ಲೆಂಡಿನ ಸೌತಾಂಪ್ಟನ್‌ನಿಂದ ನ್ಯೂಯಾರ್ಕ್‌ಗೆ ಸಾಗರ ದಾಟುತ್ತದೆ. ಅಲ್ಲಿ ಕೆಲವು ಸಂಜೆಗಳಿಗೆ ಔಪಚಾರಿಕ ಉಡುಪು ಬೇಕು. ಹೆದರುವುದು ಬೇಡ, ಇಳಕಲ್ ರೇಷ್ಮೆ ಸೀರೆ ಉಟ್ಟು ಹೋದರೆ ಅದಕ್ಕಿಂತ ಔಪಚಾರಿಕ ಉಡುಪು ಮತ್ತೊಂದಿಲ್ಲ.

ಎರಡು ಹೆಸರುಗಳ ಬಗ್ಗೆ ಎಚ್ಚರ. ವೈಕಿಂಗ್ ಮತ್ತು ವರ್ಜಿನ್ ವಾಯೇಜಸ್ 18 ವರ್ಷಕ್ಕಿಂತ ಕಿರಿಯರನ್ನು ಹತ್ತಿಸುವುದೇ ಇಲ್ಲ. ಎರಡರ ಸ್ವಭಾವವೂ ಉತ್ತರ–ದಕ್ಷಿಣ: ವೈಕಿಂಗ್‌ನಲ್ಲಿ ಕ್ಯಾಸಿನೊ ಇಲ್ಲ, ಉಪನ್ಯಾಸ, ಇತಿಹಾಸ, ಶಾಂತಿ ಇವೆ, ವರ್ಜಿನ್‌ನಲ್ಲಿ ರಾತ್ರಿಯ ಸಡಗರವೇ ಮುಖ್ಯ.

ಸಮುದ್ರವೇ ಬೇಡ, ತಲೆ ಸುತ್ತುತ್ತದೆ ಎನ್ನುವವರಿಗೆ ನದಿಯ ಕ್ರೂಸ್‌ಗಳಿವೆ. 2023ರ ಜನವರಿಯಲ್ಲಿ ವಾರಾಣಸಿಯಿಂದ ದಿಬ್ರುಗಢಕ್ಕೆ ಹೊರಟ 'ಗಂಗಾ ವಿಲಾಸ' 36 ಪ್ರಯಾಣಿಕರ ನೌಕೆ, ಪೂರ್ತಿ ಯಾನ 51 ದಿನಗಳದ್ದು. ಗಂಗೆಯಲ್ಲೂ ಬ್ರಹ್ಮಪುತ್ರದಲ್ಲೂ ಕೆಲವೇ ದಿನಗಳ ಯಾನಗಳು ಸಿಗುತ್ತವೆ.

ಹಂತ 4: ಊಟದ ಪ್ರಶ್ನೆಯನ್ನು ನಾಚಿಕೆಯಿಲ್ಲದೆ ಕೇಳಿ

ನಮ್ಮ ಭಾಗದಲ್ಲಿ ಲಿಂಗಾಯತರು, ಜೈನರು, ಬ್ರಾಹ್ಮಣರು ಸೇರಿ ಸಸ್ಯಾಹಾರಿ ಮನೆಗಳು ಬಹಳ. ಅದಕ್ಕಾಗಿಯೇ ಈ ಹಂತವನ್ನು ಬೇರೆಯಾಗಿ ಇಟ್ಟಿದ್ದೇನೆ. ಪ್ರವಾಸದ ಎರಡನೆಯ ದಿನಕ್ಕೇ ಹಣ್ಣು, ಬ್ರೆಡ್ಡಿನಲ್ಲಿ ಹೊಟ್ಟೆ ತುಂಬಿಸಿಕೊಳ್ಳುವ ಸ್ಥಿತಿ ಬಂದರೆ ಎಂಥ ಹಡಗಾದರೂ ಸಂತೋಷ ಕೊಡುವುದಿಲ್ಲ.

"ಸಸ್ಯಾಹಾರ ಸಿಗುತ್ತದೆಯೇ?" ಎಂದು ಕೇಳಿದರೆ ಎಲ್ಲ ಕಂಪನಿಗಳೂ ಹೌದು ಎನ್ನುತ್ತವೆ. ಆ ಹೌದಿನಲ್ಲಿ ಮೊಟ್ಟೆ ಸೇರಿರಬಹುದು. ಸೂಪಿಗೆ ಮಾಂಸದ ಸಾರು ಆಧಾರವಾಗಿರಬಹುದು. ಆಗ್ನೇಯ ಏಷ್ಯಾದ ಅಡುಗೆಯಲ್ಲಿ ತರಕಾರಿ ಪಲ್ಯಕ್ಕೂ ಮೀನಿನ ಸಾಸ್ ಬೀಳುತ್ತದೆ. ತಣ್ಣನೆಯ ಸಿಹಿಗಳಲ್ಲಿ ಪ್ರಾಣಿಮೂಲದ ಜೆಲಟಿನ್ ಇರುತ್ತದೆ. ಆದ್ದರಿಂದ ಹೀಗೆ ಕೇಳಿ: ಮಾಂಸ, ಮೀನು, ಮೊಟ್ಟೆ ಮೂರೂ ಇಲ್ಲದ ಭಾರತೀಯ ಊಟ ದಿನಕ್ಕೆ ಎಷ್ಟು ಹೊತ್ತು ಸಿಗುತ್ತದೆ? ಬಫೆಯಲ್ಲೋ, ಕುಳಿತು ಬಡಿಸಿಕೊಳ್ಳುವ ಮುಖ್ಯ ಭೋಜನಾಲಯದಲ್ಲೋ? ದರದಲ್ಲೇ ಸೇರಿದೆಯೋ, ಬೇರೆ ಹಣವೋ? ಬೆಳಗಿನ ಉಪಾಹಾರಕ್ಕೂ ಇದೆಯೋ? ಉತ್ತರಗಳನ್ನು ಇಮೇಲ್‌ನಲ್ಲಿ ಬರೆಯಿಸಿಕೊಳ್ಳಿ.

ಜೈನ ಕುಟುಂಬಗಳು ಗೆಡ್ಡೆಗೆಣಸು, ಈರುಳ್ಳಿ, ಬೆಳ್ಳುಳ್ಳಿ ಬೇಡವೆಂಬುದನ್ನು ಬಿಡಿಸಿ ಬರೆಯಬೇಕು. ಸೂರ್ಯಾಸ್ತಕ್ಕೆ ಮೊದಲು ಊಟ ಮಾಡುವವರಿಗೆ ಒಂದು ಅನುಕೂಲವಿದೆ. ಹಲವು ಕಂಪನಿಗಳಲ್ಲಿ ರಾತ್ರಿಯೂಟವನ್ನು ಎರಡು ಪಾಳಿಯಲ್ಲಿ ಬಡಿಸುತ್ತಾರೆ, ಮೊದಲ ಪಾಳಿ ಸಂಜೆ ಐದೂವರೆ, ಆರರ ಸುಮಾರಿಗೇ ಶುರುವಾಗುತ್ತದೆ. ಸಿಂಗಾಪುರದಲ್ಲಿ ಸೂರ್ಯ ಮುಳುಗುವುದು ಏಳರ ಆಸುಪಾಸಿನಲ್ಲಿ. ಬುಕಿಂಗ್ ಮಾಡುವಾಗಲೇ ಮೊದಲ ಪಾಳಿ ಕೇಳಿ ಪಡೆಯಿರಿ, ತಡವಾದರೆ ತುಂಬಿಹೋಗುತ್ತದೆ. ವಿಶೇಷ ಆಹಾರದ ಕೋರಿಕೆಯನ್ನು ಹಡಗು ಹೊರಡುವ 30ರಿಂದ 60 ದಿನ ಮೊದಲೇ ತಲುಪಿಸಬೇಕು.

ಹಡಗಿನ ಭಾರತೀಯ ಊಟ ಎಂದರೆ ಬಹುತೇಕ ಉತ್ತರ ಭಾರತದ್ದು: ದಾಲ್, ಪನೀರ್, ಅನ್ನ, ನಾನ್. ಜೋಳದ ರೊಟ್ಟಿ, ಎಣಗಾಯಿ ಸಿಗುತ್ತದೆಂದು ಹೋಗಬೇಡಿ. ಮನೆಯಲ್ಲಿ ಮಾಡಿದ ಅಡುಗೆಯನ್ನು ಹಡಗಿಗೆ ಬಿಡುವುದಿಲ್ಲ. ಅಂಗಡಿಯಲ್ಲಿ ಸೀಲ್ ಮಾಡಿದ ಒಣ ಪೊಟ್ಟಣಗಳನ್ನು, ಶೇಂಗಾ ಚಟ್ನಿಯಂಥದ್ದನ್ನು, ಕೆಲವು ಕಂಪನಿಗಳು ಬಿಡುತ್ತವೆ, ಕೆಲವು ಬಿಡುವುದಿಲ್ಲ. ಎಲೆಕ್ಟ್ರಿಕ್ ಕೆಟಲ್, ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಕಾಯಿಲ್ ಇವುಗಳಿಗೆ ಬೆಂಕಿಯ ಭಯದಿಂದ ನಿಷೇಧವಿದೆ, ತಪಾಸಣೆಯಲ್ಲಿ ತೆಗೆದಿಟ್ಟುಕೊಳ್ಳುತ್ತಾರೆ. ಬೆಳಿಗ್ಗೆ ಐದಕ್ಕೆ ಚಹಾ ಬೇಕೆನ್ನುವ ಹಿರಿಯರಿದ್ದರೆ ಬಫೆಯಲ್ಲಿ ಚಹಾ ಎಷ್ಟು ಗಂಟೆಯಿಂದ ಸಿಗುತ್ತದೆ ಎಂದು ಕೇಳಿಟ್ಟುಕೊಳ್ಳಿ.

ಹಂತ 5: ಹಡಗನ್ನೂ ಕ್ಯಾಬಿನ್ನನ್ನೂ ಅಳೆದು ನೋಡಿ

ಕಂಪನಿ ಒಂದೇ ಆದರೂ ಅದರ ಹಡಗುಗಳ ವಯಸ್ಸಿನಲ್ಲಿ ಇಪ್ಪತ್ತು ವರ್ಷಗಳ ಅಂತರವಿರಬಹುದು. ನೀವು ಆರಿಸಿದ ದಿನಾಂಕಕ್ಕೆ ಯಾವ ಹಡಗು, ಯಾವ ವರ್ಷ ಕಟ್ಟಿದ್ದು, ಕೊನೆಯದಾಗಿ ಯಾವಾಗ ನವೀಕರಿಸಿದ್ದು, ಇದನ್ನು ತಿಳಿಯಿರಿ.

ಜನಸಂದಣಿ ಅಂದಾಜಿಸಲು ಒಂದು ಸುಲಭ ಲೆಕ್ಕವಿದೆ. ಹಡಗಿನ ವಿವರದಲ್ಲಿ 'ಗ್ರಾಸ್ ಟನೇಜ್' ಎಂಬ ಸಂಖ್ಯೆ ಇರುತ್ತದೆ. ಹೆಸರಿನಲ್ಲಿ ಟನ್ ಇದ್ದರೂ ಅದು ತೂಕವಲ್ಲ, ಹಡಗಿನ ಒಳಜಾಗದ ಅಳತೆ. ಅದನ್ನು ಪ್ರಯಾಣಿಕರ ಸಂಖ್ಯೆಯಿಂದ ಭಾಗಿಸಿ. ಎಂಪ್ರೆಸ್‌ನದು ಸುಮಾರು 48,500, ಕ್ಯಾಬಿನ್‌ಗೆ ಇಬ್ಬರಂತೆ ಪ್ರಯಾಣಿಕರು ಸುಮಾರು 1,600, ಭಾಗಿಸಿದರೆ 30. ಜೆಂಟಿಂಗ್ ಡ್ರೀಮ್‌ನದು ಸುಮಾರು 1,50,000, ಕ್ಯಾಬಿನ್‌ಗೆ ಇಬ್ಬರಂತೆ ಪ್ರಯಾಣಿಕರು ಸುಮಾರು 3,350, ಭಾಗಿಸಿದರೆ 45. ಸಂಖ್ಯೆ ದೊಡ್ಡದಾದಷ್ಟೂ ಒಬ್ಬೊಬ್ಬರ ಪಾಲಿನ ಜಾಗ ಹೆಚ್ಚು. ರಜೆಯ ವಾರಗಳಲ್ಲಿ ಒಂದೊಂದು ಕ್ಯಾಬಿನ್‌ನಲ್ಲಿ ಮೂವರು, ನಾಲ್ವರು ಇರುವುದರಿಂದ ಈ ಅಂಕಿ ಇನ್ನಷ್ಟು ಇಳಿಯುತ್ತದೆ.

ಕ್ಯಾಬಿನ್‌ಗಳಲ್ಲಿ ನಾಲ್ಕು ಬಗೆ: ಕಿಟಕಿಯೇ ಇಲ್ಲದ ಒಳಕೋಣೆ, ತೆರೆಯಲಾಗದ ಗಾಜಿನ ಕಿಟಕಿಯದು, ಬಾಲ್ಕನಿಯದು, ಎಲ್ಲಕ್ಕಿಂತ ವಿಶಾಲವಾದ ಸೂಟ್. ಒಳಕೋಣೆ 150ರಿಂದ 180 ಚದರ ಅಡಿ, ದೀಪ ಆರಿಸಿದರೆ ಹಗಲೋ ರಾತ್ರಿಯೋ ತಿಳಿಯದು. ಮೂರು ರಾತ್ರಿಯ ಯಾನಕ್ಕೆ ಸಾಕು. ಏಳು ರಾತ್ರಿಗೆ, ಅದರಲ್ಲೂ ಹಿರಿಯರಿಗೆ, ಬಾಲ್ಕನಿ ಕೊಟ್ಟ ಹಣಕ್ಕೆ ಮೋಸವಿಲ್ಲ. ನಾಲ್ವರಿಗೆ ಒಂದೇ ಕ್ಯಾಬಿನ್ ಎಂದರೆ ಮೂರನೆಯವರು, ನಾಲ್ಕನೆಯವರು ಗೋಡೆ ಅಥವಾ ಚಾವಣಿಯಿಂದ ಇಳಿಸುವ ಮೇಲ್ಹಾಸಿಗೆಗೆ ಏಣಿ ಹತ್ತಬೇಕು. ಅಜ್ಜ ಅಜ್ಜಿಯನ್ನು ಅಂಥ ಕ್ಯಾಬಿನ್‌ಗೆ ಸೇರಿಸಬೇಡಿ. ಅಕ್ಕಪಕ್ಕದ ಎರಡು ಕ್ಯಾಬಿನ್‌ಗಳ ನಡುವೆ ಬಾಗಿಲಿರುವ ಜೋಡಿ ಕ್ಯಾಬಿನ್ ಕೇಳಿ.

ಬುಕ್ ಮಾಡುವ ಮೊದಲು ಡೆಕ್ ಪ್ಲ್ಯಾನ್, ಅಂದರೆ ಅಂತಸ್ತುಗಳ ನಕ್ಷೆ, ತೆರೆದಿಟ್ಟುಕೊಳ್ಳಿ. ನಿಮ್ಮ ಕ್ಯಾಬಿನ್ ಸಂಖ್ಯೆಯ ಮೇಲೆ ಬೆರಳಿಟ್ಟು ನೇರ ಮೇಲಿನ ಅಂತಸ್ತಿನಲ್ಲಿ ಏನಿದೆ ನೋಡಿ. ಈಜುಕೊಳವಿದ್ದರೆ ಸಿಬ್ಬಂದಿ ಬೆಳಗಿನ ಜಾವವೇ ಆರಾಮಕುರ್ಚಿಗಳನ್ನು ಎಳೆದು ಸಾಲಾಗಿ ಜೋಡಿಸುವ ಸದ್ದು ತಲೆಯ ಮೇಲೆಯೇ ಕೇಳುತ್ತದೆ. ಅಡುಗೆಮನೆಯಿದ್ದರೆ ಗಾಡಿಗಳ ಓಡಾಟ. ಕೆಳಗಿನ ಅಂತಸ್ತನ್ನೂ ಹಾಗೆಯೇ ನೋಡಿ, ನಾಟಕಶಾಲೆ ಅಥವಾ ನೃತ್ಯಶಾಲೆ ಇದ್ದರೆ ಮಧ್ಯರಾತ್ರಿಯವರೆಗೂ ನೆಲ ಗುಂಯ್‌ಗುಡುತ್ತದೆ. ಮೇಲೂ ಕೆಳಗೂ ಕ್ಯಾಬಿನ್‌ಗಳೇ ಇರುವ ಅಂತಸ್ತು ಎಲ್ಲಕ್ಕಿಂತ ಶಾಂತ. ಕಿಟಕಿಯ ಮುಂದೆ ಜೀವರಕ್ಷಕ ದೋಣಿ ಅಡ್ಡವಿರುವ ಕ್ಯಾಬಿನ್‌ಗಳನ್ನು ನಕ್ಷೆಯಲ್ಲಿ ಬೇರೆ ಗುರುತಿನಿಂದ ತೋರಿಸಿರುತ್ತಾರೆ. 'ಗ್ಯಾರಂಟಿ ಕ್ಯಾಬಿನ್' ಎಂದು ಕಡಿಮೆ ದರಕ್ಕೆ ಕೊಡುವುದು ಬಗೆಯ ಖಾತರಿಯನ್ನು ಮಾತ್ರ. ಸಂಖ್ಯೆಯನ್ನು ಆಮೇಲೆ ಕಂಪನಿಯೇ ನಿರ್ಧರಿಸುತ್ತದೆ.

ತಲೆಸುತ್ತು, ವಾಂತಿಯ ಭಯವಿದ್ದರೆ ಹಡಗಿನ ನಡುಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿ ಕ್ಯಾಬಿನ್ ತೆಗೆದುಕೊಳ್ಳಿ. ಅಲುಗಾಟ ಅಲ್ಲಿ ಕಡಿಮೆ. ಮಾತ್ರೆಯನ್ನು ನಿಮ್ಮ ವೈದ್ಯರನ್ನು ಕೇಳಿ ಊರಿನಿಂದಲೇ ಒಯ್ಯಿರಿ. ಕ್ಯಾಸಿನೊದೊಳಗೆ ಧೂಮಪಾನಕ್ಕೆ ಅವಕಾಶವಿರುವ ಹಡಗುಗಳು ಹಲವು, ಉಬ್ಬಸ ಇರುವವರು ಆ ಅಂತಸ್ತಿನಿಂದ ದೂರವಿರಬೇಕು.

ಹಂತ 6: ಕೊಟೇಶನ್ ಓದುವ ರೀತಿ

ಏಜೆಂಟ್ ಕಳುಹಿಸುವ ದರಪಟ್ಟಿಯಲ್ಲಿ ದಪ್ಪ ಅಕ್ಷರದ ಮೊತ್ತ ಒಂದಿರುತ್ತದೆ. ಕಲ್ಯಾಣ ಮಂಟಪದ ಬಾಡಿಗೆ ಕೇಳಿದಾಗ ಪಾತ್ರೆ, ಕರೆಂಟು, ಕ್ಲೀನಿಂಗ್ ಬೇರೆ ಎನ್ನುವಂತೆ ಇಲ್ಲಿಯೂ ಅದರ ಕೆಳಗಿನ ಸಾಲುಗಳೇ ಮುಖ್ಯ.

ಮೊದಲು ಬಂದರು ಶುಲ್ಕ ಮತ್ತು ತೆರಿಗೆ ನೋಡಿ. ಸಣ್ಣ ಯಾನಗಳಲ್ಲಿ ಇದು ಮೂಲ ದರದ ದೊಡ್ಡ ಪಾಲಾಗಿರಬಹುದು, ಮಕ್ಕಳ ಟಿಕೆಟ್ ಉಚಿತ ಎಂದಾಗಲೂ ಇದನ್ನು ಕಟ್ಟಬೇಕಾಗುತ್ತದೆ. ಎರಡನೆಯದು ಗ್ರಾಚ್ಯುಟಿ. ನೌಕರರ ನಿವೃತ್ತಿಯ ಗ್ರಾಚ್ಯುಟಿಗೂ ಇದಕ್ಕೂ ಸಂಬಂಧವಿಲ್ಲ, ಇದು ಹಡಗಿನ ಸಿಬ್ಬಂದಿಗೆ ಕೊಡುವ ಭಕ್ಷೀಸು. ಅಮೆರಿಕದ ದೊಡ್ಡ ಕಂಪನಿಗಳು ಸಾಮಾನ್ಯ ಕ್ಯಾಬಿನ್‌ನಲ್ಲಿ ತಲೆಗೆ, ದಿನಕ್ಕೆ ಸುಮಾರು 16ರಿಂದ 20 ಡಾಲರ್ ಹಾಕುತ್ತವೆ. 18 ಡಾಲರ್ ಎಂದುಕೊಂಡರೂ ನಾಲ್ವರ ಕುಟುಂಬಕ್ಕೆ ನಾಲ್ಕು ರಾತ್ರಿಗೆ 288 ಡಾಲರ್ ಆಯಿತು. ಮಕ್ಕಳಿಗೂ ಲೆಕ್ಕ ಅಷ್ಟೇ ಇರುವುದು ಸಾಮಾನ್ಯ.

ಆಮೇಲೆ ಹಡಗಿನೊಳಗಿನ ಖರ್ಚು: ತಂಪು ಪಾನೀಯ, ಮದ್ಯ, ಹಣ ಕೊಟ್ಟು ಹೋಗುವ ವಿಶೇಷ ಭೋಜನಾಲಯ, ವೈಫೈ, ಬಂದರಿನಲ್ಲಿ ಊರು ತೋರಿಸುವ ಪ್ರವಾಸ. ಪಾನೀಯಗಳ ಬೆಲೆಯ ಮೇಲೆ ಶೇಕಡಾ 18ರಿಂದ 20ರಷ್ಟು ಸೇವಾ ಶುಲ್ಕ ಬೇರೆ ಬೀಳುತ್ತದೆ. ಐಷಾರಾಮಿ ಕಂಪನಿಗಳು, ಉದಾಹರಣೆಗೆ ರೀಜೆಂಟ್ ಮತ್ತು ಸಿಲ್ವರ್‌ಸೀ, ಇವುಗಳಲ್ಲಿ ಹೆಚ್ಚಿನದನ್ನು ದರದೊಳಗೇ ಸೇರಿಸಿರುತ್ತವೆ. ಅವುಗಳ ದರ ನೋಡಿದ ಕೂಡಲೇ ದುಬಾರಿ ಎಂದು ಬದಿಗಿಡುವ ಮೊದಲು ಎರಡೂ ಕಡೆಯ ಒಟ್ಟು ಮೊತ್ತ ಹಾಕಿ ನೋಡಿ.

ವಿದೇಶ ಪ್ರವಾಸದ ಪ್ಯಾಕೇಜ್‌ಗೆ ಟಿಸಿಎಸ್ ಇರುತ್ತದೆ, ಅಂದರೆ ಹಣ ಪಡೆಯುವವರೇ ಮೊದಲಾಗಿ ಸಂಗ್ರಹಿಸುವ ಆದಾಯ ತೆರಿಗೆ. ದರ ಬಜೆಟ್‌ಗಳಲ್ಲಿ ಬದಲಾಗುತ್ತಿರುತ್ತದೆ. ಈ ಹಣ ನಿಮ್ಮ ಪ್ಯಾನ್ ಸಂಖ್ಯೆಗೆ ಜಮೆಯಾಗಿ ಆದಾಯ ತೆರಿಗೆ ಇಲಾಖೆಯ ಪಟ್ಟಿಯಲ್ಲಿ ಕಾಣುತ್ತದೆ, ರಿಟರ್ನ್ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದು. ಕಂಪನಿಗಳ ನಡುವೆ ಹೋಲಿಸುವಾಗ ಎರಡೂ ಕಡೆ ಸೇರಿಸಿ, ಇಲ್ಲವೇ ಎರಡೂ ಕಡೆ ಬಿಡಿ.

ಎಲ್ಲ ಸೇರಿಸಿ, ಬೆಳಗಾವಿಯ ಮನೆ ಬಾಗಿಲಿನಿಂದ ಮರಳಿ ಮನೆ ಬಾಗಿಲಿನವರೆಗಿನ ಮೊತ್ತವನ್ನು ತಲೆಗಳ ಸಂಖ್ಯೆಯಿಂದಲೂ ರಾತ್ರಿಗಳ ಸಂಖ್ಯೆಯಿಂದಲೂ ಭಾಗಿಸಿ. ಹೋಲಿಸಬೇಕಾದದ್ದು ಈ ಅಂಕಿಯನ್ನು.

ಹಂತ 7: ಬಂದರುಗಳ ಹೆಸರಿನ ಹಿಂದೆ ನೋಡಿ

ಯುರೋಪ್ ಯಾನದ ಪಟ್ಟಿಯಲ್ಲಿ 'ರೋಮ್' ಎಂದಿದ್ದರೆ ಹಡಗು ನಿಲ್ಲುವುದು ಚಿವಿತಾವೆಕ್ಕಿಯಾದಲ್ಲಿ, ರೋಮ್ ಅಲ್ಲಿಂದ ಸುಮಾರು 80 ಕಿ.ಮೀ. 'ಫ್ಲಾರೆನ್ಸ್' ಎಂದರೆ ಲಿವೊರ್ನೊ, ಸುಮಾರು 90 ಕಿ.ಮೀ. 'ಪ್ಯಾರಿಸ್' ಎಂದರೆ ಲ ಹಾವ್ರ್, ಸುಮಾರು 200 ಕಿ.ಮೀ. ಬೆಳಿಗ್ಗೆ ಎಂಟಕ್ಕೆ ಇಳಿದು ಸಂಜೆ ಆರಕ್ಕೆ ಮರಳಬೇಕೆಂದರೆ ಪ್ಯಾರಿಸ್‌ನಲ್ಲಿ ನಿಮಗೆ ಸಿಗುವುದು ಕೆಲವೇ ಗಂಟೆ, ಉಳಿದದ್ದು ಬಸ್ಸಿನಲ್ಲಿ. ಪ್ರತಿ ಬಂದರಿನ ಮುಂದೆ ಹಡಗು ಬರುವ ಮತ್ತು ಹೊರಡುವ ಸಮಯ ಬರೆದು, ಊರಿನ ದೂರವನ್ನೂ ಪಕ್ಕದಲ್ಲಿ ಬರೆಯಿರಿ. ಊರು ನೋಡುವುದೇ ಮುಖ್ಯವಾಗಿದ್ದರೆ ತಡರಾತ್ರಿಯವರೆಗೆ ಅಥವಾ ಮರುದಿನದವರೆಗೆ ನಿಲ್ಲುವ ಹಡಗು ಹುಡುಕಿ.

ಹವಾಮಾನದ ಕಾರಣಕ್ಕೆ ಬಂದರನ್ನು ಬಿಟ್ಟುಬಿಡುವ ಹಕ್ಕು ಎಲ್ಲ ಕಂಪನಿಗಳಿಗೂ ಇದೆ. ಹಾಗಾದಾಗ ವಾಪಸು ಬರುವುದು ಸಾಮಾನ್ಯವಾಗಿ ಆ ಬಂದರಿನ ಶುಲ್ಕವಷ್ಟೇ.

ಹಂತ 8: ಕಾಗದಪತ್ರಗಳು

ದೇಶದೊಳಗಿನ ಯಾನಕ್ಕೆ ಆಧಾರ್‌ನಂಥ ಗುರುತಿನ ಚೀಟಿ ಸಾಕು. ಲಕ್ಷದ್ವೀಪಕ್ಕೆ ಪ್ರವೇಶ ಪರವಾನಗಿ ಬೇಕು. ಕಂಪನಿಯೇ ಮಾಡಿಸುತ್ತದೆಯೇ ಎಂದು ಕೇಳಿ, ಅದಕ್ಕೆ ಬೇಕಾದ ವಿವರ ಸಮಯಕ್ಕೆ ಕೊಡಿ. ವಿದೇಶಕ್ಕೆ ಹೋಗುವುದಾದರೆ, ಮರಳುವ ದಿನದಿಂದ ಆರು ತಿಂಗಳು ಬಾಳಿಕೆಯಿರುವ ಪಾಸ್‌ಪೋರ್ಟ್ ಇರಲಿ. ಹೊಸದು ಬೇಕಿದ್ದರೆ ಬೆಳಗಾವಿಯ ಅಂಚೆ ಕಚೇರಿ ಪಾಸ್‌ಪೋರ್ಟ್ ಕೇಂದ್ರ ಅಥವಾ ಹುಬ್ಬಳ್ಳಿಯ ಸೇವಾ ಕೇಂದ್ರದಲ್ಲಿ ಮೊದಲೇ ದಿನ ಗೊತ್ತು ಮಾಡಿಕೊಳ್ಳಿ.

ಸಿಂಗಾಪುರದಿಂದ ಹೊರಟು ಮಲೇಷ್ಯಾ ಮುಟ್ಟಿ ಮರಳಿದರೆ ನೀವು ಸಿಂಗಾಪುರವನ್ನು ಎರಡು ಬಾರಿ ಪ್ರವೇಶಿಸಿದಂತೆ. ವೀಸಾ ಒಂದಕ್ಕಿಂತ ಹೆಚ್ಚು ಪ್ರವೇಶದ್ದಾಗಿರಬೇಕು. ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಿಗುವ ಷೆಂಗೆನ್ ವೀಸಾಗೂ ಇದೇ ಮಾತು.

ಹೆಸರಿನ ತೊಂದರೆ ನಮ್ಮಲ್ಲಿ ಹೆಚ್ಚು. ಪಾಸ್‌ಪೋರ್ಟ್‌ನಲ್ಲಿ ಅಡ್ಡಹೆಸರು ಇಲ್ಲದಿರುವುದು, ಆಧಾರ್‌ನಲ್ಲಿ ಪಾಟೀಲ ಎಂದೂ ಬೇರೆಡೆ ಬರೀ ತಂದೆಯ ಹೆಸರೆಂದೂ ಇರುವುದು, ಮದುವೆಯ ನಂತರ ಬದಲಾಗಿರುವುದು ಮಾಮೂಲು. ಬುಕಿಂಗ್‌ನಲ್ಲಿ ಪಾಸ್‌ಪೋರ್ಟ್‌ನಲ್ಲಿರುವಂತೆಯೇ ಅಕ್ಷರಕ್ಕಕ್ಷರ ಬರೆಯಿಸಿ. ಯುಎಇ 2022ರ ನವೆಂಬರ್‌ನಿಂದ ಒಂದೇ ಹೆಸರಿನ ಪಾಸ್‌ಪೋರ್ಟ್ ಹೊಂದಿದ ಪ್ರವಾಸಿಗರ ಮೇಲೆ ನಿರ್ಬಂಧ ಹಾಕಿದೆ, ದುಬೈಯಿಂದ ಹತ್ತುವವರು ಇದನ್ನು ಮೊದಲು ಸರಿಪಡಿಸಿಕೊಳ್ಳಲಿ.

ಪ್ರವಾಸ ವಿಮೆ ತೆಗೆದುಕೊಳ್ಳಿ, ಕ್ರೂಸ್ ಅದರಲ್ಲಿ ಸೇರಿದೆಯೇ ನೋಡಿ. ಹಡಗಿನ ವೈದ್ಯರ ಶುಲ್ಕ ದುಬಾರಿ. ರೋಗಿಯನ್ನು ಸಮುದ್ರದ ನಡುವಿನಿಂದ ದಡದ ಆಸ್ಪತ್ರೆಗೆ ಸಾಗಿಸುವ ವೆಚ್ಚ ಮನೆ ಮಾರಿಸುವಷ್ಟಾಗಬಹುದು. ಊರಿನ ಆರೋಗ್ಯ ವಿಮೆ ವಿದೇಶದ ನೀರಿನಲ್ಲಿ ಸಾಮಾನ್ಯವಾಗಿ ಲಾಗೂ ಆಗುವುದಿಲ್ಲ.

ಹಂತ 9: ಹಣ ಕಟ್ಟುವ ದಿನ

ಇಷ್ಟೆಲ್ಲ ಹೋಲಿಸಿದ ಮೇಲೆ ಪಟ್ಟಿಯಲ್ಲಿ ಉಳಿದ ಎರಡು ಅಥವಾ ಮೂರು ಹೆಸರುಗಳ ಬಗ್ಗೆ ಹೋಗಿಬಂದವರ ವಿಮರ್ಶೆ ಓದಿ. ನಿಮ್ಮಂಥವರು ಬರೆದದ್ದನ್ನು ಹುಡುಕಿ: ಅದೇ ಹಡಗು, ಅದೇ ಋತು, ಹಿರಿಯರಿದ್ದ ಸಸ್ಯಾಹಾರಿ ಕುಟುಂಬ. ಹತ್ತು ಜನ ಹೊಗಳಿದ್ದರೂ ಮೂವರು ಒಂದೇ ದೂರು ಹೇಳಿದ್ದರೆ ಆ ದೂರನ್ನು ಗಂಭೀರವಾಗಿ ತೆಗೆದುಕೊಳ್ಳಿ.

ನೇರವಾಗಿ ಕಂಪನಿಯಲ್ಲಿ ಬುಕ್ ಮಾಡುವುದೋ, ಊರಿನ ಏಜೆಂಟ್ ಮೂಲಕವೋ? ವೀಸಾ, ವಿಮಾನ, ಊಟದ ಕೋರಿಕೆ ಎಲ್ಲವೂ ಒಟ್ಟಿಗಿರುವಾಗ ಅನುಭವವಿರುವ ಏಜೆಂಟ್ ಇದ್ದರೆ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಆದರೆ ಹಣ ಕಟ್ಟಿದ ಎರಡು ಮೂರು ದಿನಗಳಲ್ಲಿ ಕಂಪನಿಯ ಬುಕಿಂಗ್ ಸಂಖ್ಯೆ ಕೇಳಿ ಪಡೆಯಿರಿ. ಆ ಸಂಖ್ಯೆಯನ್ನು ಕಂಪನಿಯ ಜಾಲತಾಣದಲ್ಲಿ ಹಾಕಿದಾಗ ನಿಮ್ಮ ಹೆಸರು, ಕ್ಯಾಬಿನ್, ಊಟದ ಪಾಳಿ ಕಾಣಬೇಕು. ಕಾಣದಿದ್ದರೆ ಅಂದೇ ಏಜೆಂಟ್ ಕಚೇರಿಗೆ ಹೋಗಿ ಕೇಳಿ.

ರದ್ದತಿಯ ನಿಯಮವನ್ನು ದಿನಾಂಕಗಳಾಗಿ ಬದಲಿಸಿ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ಹೊರಡುವ ದಿನ ಹತ್ತಿರವಾದಂತೆ ಕಡಿತ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ, ಕೊನೆಯ ವಾರಗಳಲ್ಲಿ ಪೂರ್ತಿ ಹಣವೂ ಹೋಗುತ್ತದೆ. ವೀಸಾ ಸಿಗದಿದ್ದರೆ ಏನು ಎಂಬುದನ್ನು ಬರೆಯಿಸಿಕೊಳ್ಳಿ, ಬಹುತೇಕ ಕಂಪನಿಗಳು ಅದನ್ನೂ ಸಾಮಾನ್ಯ ರದ್ದತಿಯೆಂದೇ ಎಣಿಸುತ್ತವೆ.

ಆನ್‌ಲೈನ್ ಚೆಕ್–ಇನ್ ತೆರೆದ ದಿನವೇ ಅದನ್ನು ಮುಗಿಸಿ, ಬಂದರಿಗೆ ಬರುವ ಸಮಯವನ್ನು ಆರಿಸುವ ಅವಕಾಶ ಅಲ್ಲೇ ಸಿಗುತ್ತದೆ. ಹತ್ತಿದ ಕೂಡಲೇ ಮೊಬೈಲನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಹಿರಿಯರ ಮೊಬೈಲನ್ನೂ ಕೇಳಿ ಹಾಕಿಸಿ. ಸಮುದ್ರದ ನಡುವೆ ಫೋನ್ ತಾನಾಗಿಯೇ ಹಡಗಿನ ನೆಟ್‌ವರ್ಕ್ ಹಿಡಿದರೆ ಬರುವ ರೋಮಿಂಗ್ ಬಿಲ್ಲು ವೈಫೈ ಪ್ಯಾಕಿಗಿಂತ ಎಷ್ಟೋ ಪಟ್ಟು ಹೆಚ್ಚಾಗಿರುತ್ತದೆ.